ನಿಂಗಮ್ಮನ ಜೊತೆ ದೀಪದೂರಿಗೆ

ಹುಣಸೂರು

ದೇಶ ಸುತ್ತಿ ಬಂದವರು ಬರೆದದ್ದನ್ನು ನಾನೂ ಅಷ್ಟಿಷ್ಟು ಓದಿದ್ದೇನೆ. ಅಲ್ಲಿಯ ಗುಡಿ ಹೀಗಿತ್ತು, ಅರಮನೆ ಹಾಗಿತ್ತು, ಊಟ ಭರ್ಜರಿಯಾಗಿತ್ತು ಅಂತ. ನಾನು ಹೋಗಿದ್ದು ಏನನ್ನೂ ನೋಡುವುದಕ್ಕಲ್ಲ. ಅರವತ್ತು ದಾಟಿದ ಒಬ್ಬ ಮುದುಕಿಯ ಹಿಂದೆ ಅವಳ ರಾಗಿಹಿಟ್ಟಿನ ಗಂಟು ಹೊತ್ತುಕೊಂಡು ಮೈಸೂರು ಸೀಮೆ ದಾಟಿ, ಕೊಡಗು ದಾಟಿ, ಮಲೆಯಾಳದ ಕಡಲ ದಂಡೆಯ ಒಂದು ಮೀನುಗಾರರ ಊರಿಗೆ ಹೋಗಿ ಬಂದೆ. ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ನಾನು ದರ್ಜಿ. ಹೆಸರು ರಂಗಪ್ಪ. ಹುಣಸೂರಿನ ಸಂತೆ ಬೀದಿಯಲ್ಲಿ ಒಂದು ಜಗಲಿ, ಅದರ ಮೇಲೆ ಒಂದು ಹೊಲಿಗೆ ಮಿಷನ್ನು, ಇಷ್ಟೇ ನನ್ನ ಸಂಸ್ಥಾನ. ನಾಲ್ಕಕ್ಷರ ಬರುವುದರಿಂದ ಸುತ್ತಲ ಹಳ್ಳಿಯವರಿಗೆ ಕಾಗದ ಬರೆದುಕೊಡುವುದೂ ಉಂಟು. ರವಿಕೆಗೆ ಅಳತೆ ಕೊಡಲು ಬಂದವರು ಹಾಗೇ ಕೂತು, 'ನಮ್ಮ ಅಣ್ಣಂಗೆ ಒಂದು ಕಾರ್ಡು ಗೀಚ್ಬುಡು' ಅನ್ನುತ್ತಾರೆ. ಗೀಚುತ್ತೇನೆ.

ನಿಂಗಮ್ಮ ಲಕ್ಷ್ಮಣತೀರ್ಥ ಹೊಳೆಯ ಆಚೆ ದಡದ ಹಳ್ಳಿಯವಳು. ಗಂಡ ಮೊದಲೇ ತೀರಿಹೋಗಿದ್ದ. ತವರು ಸರಗೂರಿನ ಕಡೆ. ಅಲ್ಲಿ ಇದ್ದವರೆಲ್ಲ ಪ್ಲೇಗಿನಲ್ಲಿ ಹೋದರು. ಉಳಿದವನು ಒಬ್ಬನೇ ಮಗ ನಂಜುಂಡ. ಅವನು ಹೊಗೆಸೊಪ್ಪಿನ ಗಾಡಿಗಳ ಜೊತೆ ಘಟ್ಟ ಇಳಿದು ಹೋದವನು, ಆ ಕಡಲ ಊರಿನಲ್ಲೇ ನಿಂತ. ಅಲ್ಲೊಂದು ದೀಪದ ಗೋಪುರ ಇತ್ತು. ಕಡಲಲ್ಲಿ ದೋಣಿಗಳಿಗೆ ದಾರಿ ತೋರಿಸುವ ದೀಪ. ಮೊದಲು ಅದರ ಮೆಟ್ಟಿಲ ಮೇಲೆ ಎಣ್ಣೆ ಡಬ್ಬ ಹೊತ್ತ, ಆಮೇಲೆ ದೀಪ ಹಚ್ಚುವವನ ಕೈಕೆಳಗಿನ ಆಳಾದ. ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ನಿಂಗಮ್ಮ ಅದನ್ನು ನನ್ನ ಹತ್ತಿರ ಎರಡೆರಡು ಸಲ ಓದಿಸಿ, ಮೂರನೆಯ ಸಲ ಓದಿಸಲು ನಾಚಿಕೊಂಡು ಎದ್ದು ಹೋಗುತ್ತಿದ್ದಳು.

ಈ ಪ್ರಯಾಣಕ್ಕೆ ಎರಡು ವರ್ಷ ಮೊದಲು ಒಂದು ಬೆಳಿಗ್ಗೆ ಅವಳು ಏದುಸಿರು ಬಿಡುತ್ತಾ ಬಂದಳು.

"ರಂಗಪ್ಪ, ಕೆಟ್ನಲ್ಲಪ್ಪ! ಕಾಗೆ ತಲೆ ಮ್ಯಾಲೆ ಕುಕ್ತು ಕಣ!"

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಗೆ ತಲೆಗೆ ಕುಕ್ಕಿದರೆ ಸಾವಿನ ಸೂಚನೆ. ಅದಕ್ಕೆ ಪರಿಹಾರ ಅಂದರೆ ಕುಕ್ಕಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಿಜವೆಂದು ನಂಬಿ ಅತ್ತರೆ ಕಂಟಕ ಕಳೆಯಿತು. ಮಾರನೆಯ ದಿನ 'ಬದುಕಿದ್ದಾರೆ' ಅಂತ ಇನ್ನೊಂದು ಸುದ್ದಿ ಹೋಗುತ್ತದೆ, ಅತ್ತವರೇ ಬಂದು ಬೈದು ಉಂಡು ಹೋಗುತ್ತಾರೆ. ಹತ್ತಿರದ ನೆಂಟರಿದ್ದರೆ ಇದು ಒಂದು ದಿನದ ಗಲಾಟೆ. ನಿಂಗಮ್ಮನಿಗೆ ಅಳುವವನು ಇದ್ದದ್ದು ಒಬ್ಬನೇ, ಅವನೋ ಟಪಾಲಿಗೆ ಮೂರು ದಿನದ ದೂರದಲ್ಲಿದ್ದ.

ಎರಡು ಕಾರ್ಡು ಬರೆದೆ. ಮೊದಲನೆಯದು, ಸಾವಿನ ಸುದ್ದಿಯ ವಾಡಿಕೆಯಂತೆ, ಮೂಲೆ ಹರಿದದ್ದು: 'ನಿನ್ನ ತಾಯಿ ತೀರಿಕೊಂಡಳು.' ಎರಡನೆಯದಕ್ಕೆ ನಿಂಗಮ್ಮ ಸೆರಗಿನಲ್ಲಿ ತಂದಿದ್ದ ಅರಿಸಿನವನ್ನು ಹೆಬ್ಬೆಟ್ಟಿಗೆ ಮೆತ್ತಿಕೊಂಡು ಒತ್ತಿದಳು: 'ಹೆದರಬೇಡ, ಕಾಗೆಯ ದೆಸೆಯಿಂದ ಹೀಗೆ ಬರೆಸಿದೆ, ಗುಂಡುಕಲ್ಲಿನ ಹಾಗೆ ಇದ್ದೇನೆ.' ಮೊದಲನೆಯದನ್ನು ಆವತ್ತೇ ಡಬ್ಬಿಗೆ ಹಾಕಿದೆ. ಎರಡನೆಯದು ಗಾಳಿಗೆ ಹಾರದಿರಲಿ ಅಂತ ಮಿಷನ್ನಿನ ಎಣ್ಣೆ ಕುಡಿಕೆಯ ಕೆಳಗೆ ಇಟ್ಟೆ. ಜ್ಯೇಷ್ಠ ಮಾಸ. ಮೂರು ಮದುವೆ ಮನೆಯ ಬಟ್ಟೆ ಜಗಲಿ ತುಂಬ ಬಿದ್ದಿತ್ತು. ಐದನೆಯ ದಿನ ಎಣ್ಣೆ ಬಿಡೋಣವೆಂದು ಕುಡಿಕೆ ಎತ್ತಿದರೆ ಅರಿಸಿನದ ಹೆಬ್ಬೆಟ್ಟು ನನ್ನನ್ನೇ ನೋಡುತ್ತಿತ್ತು. ಎದ್ದೆನೋ ಬಿದ್ದೆನೋ ಅಂತ ಓಡಿ ಹಾಕಿ ಬಂದೆ. ನಾಲ್ಕು ದಿನ ತಡ. ನಿಂಗಮ್ಮ ಕೇಳಿದಾಗ, 'ಮಾರನೆ ದಿನವೇ ಹಾಕಿದೆನಲ್ಲಮ್ಮ' ಅಂದೆ. ಸಣ್ಣ ಸುಳ್ಳು, ಬಾಯಿಂದ ಜಾರಿತು.

ನಂಜುಂಡನಿಂದ ಎರಡೇ ಸಾಲು ಬಂತು. 'ದೀಪದ ಕೆಲಸ ಬಿಟ್ಟೆ. ಸದ್ಯಕ್ಕೆ ಬರುವುದಿಲ್ಲ.' ಆಮೇಲೆ ಎರಡು ವರ್ಷ ಒಂದು ಅಕ್ಷರವಿಲ್ಲ. ನಿಂಗಮ್ಮ ಕಾದಳು, ಬರೆಸಿದಳು, ಮತ್ತೆ ಕಾದಳು. ಕೊನೆಗೆ ಒಂದು ದಿನ ರಾಗಿ ಬೀಸಿ ಗಂಟು ಕಟ್ಟಿಕೊಂಡೇ ಬಂದಳು.

"ನಡೀ, ನನ್ನ ಕರ್ಕೊಂಡು ಓಗು. ಸಾಯೋದಕ್ಕೆ ಬಯ ಇಲ್ಲ ಕಣಪ್ಪ. ಸಾಯೋವಾಗ ಬಾಯ್ಗೆ ನೀರು ಬುಡೋಕೆ ಮಗ ಬೇಕಲ್ವಾ? ಎಂಗಾರಾ ಮಾಡಿ ಅವನ್ನ ಕರ್ಕೊಂಡು ಬರಾವ."

ನನ್ನ ಮನಸ್ಸಿನಲ್ಲಿದ್ದ ಅಳುಕು ಇಷ್ಟೇ: ಆ ಕಾರ್ಡಿನ ಮೇಲೆ ಹುಣಸೂರಿನ ಮುದ್ರೆ ಇದೆ, ತಾರೀಖಿದೆ. ನಂಜುಂಡ ಮೂರನೇ ಕ್ಲಾಸು ಓದಿದವನು. ಮಗ ತಾಯಿಯ ಎದುರಿಗೆ ನನ್ನ ಸುಳ್ಳು ಬಿಚ್ಚಿಟ್ಟರೆ ಯಾವ ಮುಖ ಹೊತ್ತು ತಿರುಗಲಿ ಅಂತ. ಅಷ್ಟಕ್ಕೇ ಹೆದರಿದ್ದೆ.

ಹೊಳೆಯ ಸೇತುವೆ

ಮೋಟಾರು ಬಸ್ಸು ಪಿರಿಯಾಪಟ್ಟಣ ದಾಟುವವರೆಗೆ ನಿಂಗಮ್ಮ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ಅವಳು ಮೋಟಾರು ಹತ್ತಿದ್ದು ಅದೇ ಮೊದಲು. 'ಇದ್ರ ಎತ್ತು ಎಲ್ಲಿ?' ಅಂತ ಹತ್ತುವಾಗ ತಮಾಷೆ ಮಾಡಿದವಳು, ಹೊರಟ ಮೇಲೆ ನನ್ನ ತೋಳನ್ನು ಗುರುತು ಬೀಳುವಷ್ಟು ಗಟ್ಟಿ ಹಿಡಿದಿದ್ದಳು.

ಕಾವೇರಿಯ ಸೇತುವೆಯ ಹತ್ತಿರ ನಮ್ಮ ಮಹಾರಾಜರ ಸೀಮೆ ಮುಗಿಯುತ್ತದೆ. ಅಲ್ಲಿ ಸುಂಕದ ಕಟ್ಟೆಯ ಕಾವಲಿನವನೊಬ್ಬ ಗಂಟುಗಳನ್ನೆಲ್ಲ ಕೆಳಗಿಳಿಸಿ ಬೆತ್ತದಿಂದ ತಿವಿದು ನೋಡಿದ. ರಾಗಿಹಿಟ್ಟಿನ ಗಂಟಿಗೂ ತಿವಿದ.

"ತಿವಿ ತಿವಿ, ಚೆನ್ನಾಗಿ ತಿವಿ," ಅಂದಳು ನಿಂಗಮ್ಮ. "ಒಳಗೆ ನಿಮ್ಮಜ್ಜಿ ಅವ್ಳೆ."

ಸುತ್ತ ಇದ್ದವರೆಲ್ಲ ನಕ್ಕರು, ಕಾವಲಿನವನೂ ನಕ್ಕ. ಆದರೆ ತೂತಾದ ಬಟ್ಟೆಯಿಂದ ಹಿಟ್ಟು ಸುರಿಯತೊಡಗಿತು. ನಾನು ಟೋಪಿಯಲ್ಲಿ ಸದಾ ಸಿಕ್ಕಿಸಿಕೊಂಡಿರುವ ಸೂಜಿ ತೆಗೆದು ಅಲ್ಲೇ ಹೊಲಿದೆ. ಇಡೀ ಪ್ರಯಾಣದಲ್ಲಿ ನಾನು ಹರಿದದ್ದನ್ನು ಸರಿಮಾಡಿದ್ದು ಅದೊಂದೇ.

ಬಸ್ಸು ಸೇತುವೆ ಏರಿದಾಗ ನಿಂಗಮ್ಮ ಕಣ್ಣು ಬಿಟ್ಟು ನೀರು ನೋಡಿದಳು. "ಆ ದಡದಾಗೂ ಇದೇ ನೀರು, ಈ ದಡದಾಗೂ ಇದೇ ನೀರು. ಸೀಮೆ ಅದೆಂಗೆ ಬ್ಯಾರೆ ಆಯ್ತದೆ?" ಅಂದಳು.

ವಿರಾಜಪೇಟೆ

ಆ ಸಂಜೆ ವಿರಾಜಪೇಟೆಯಲ್ಲಿ ಇಳಿದೆವು. ಮಾರನೆಯ ಬೆಳಿಗ್ಗೆ ಘಾಟಿ ಇಳಿಯುವ ಬಸ್ಸು. ಒಂದು ಅಂಗಡಿಯ ಮುಂದಿನ ಚಾವಡಿಯಲ್ಲಿ ಜಾಗ ಸಿಕ್ಕಿತು. ಅಲ್ಲಿಯ ಗಂಡಸರು ತೊಟ್ಟ ಕಪ್ಪು ನಿಲುವಂಗಿಯ ಹೊಲಿಗೆಯನ್ನು ನಾನು ಕಣ್ಣಿನಲ್ಲೇ ಬಿಚ್ಚಿ ಬಿಚ್ಚಿ ನೋಡಿದೆ. ಸೊಂಟದಲ್ಲಿ ಬೆಳ್ಳಿಯ ಕತ್ತಿ ಇದ್ದದ್ದರಿಂದ ಹತ್ತಿರ ಹೋಗಿ ಮುಟ್ಟಿ ನೋಡುವ ಧೈರ್ಯ ಬರಲಿಲ್ಲ.

ಅಂಗಡಿಯವನ ಹೆಂಡತಿ ಅಕ್ಕಿ ರೊಟ್ಟಿ ಕೊಟ್ಟಳು. ನಿಂಗಮ್ಮ ಅರ್ಧ ತಿಂದು ಇನ್ನರ್ಧವನ್ನು ಮಗನಿಗೆ ಅಂತ ಎಲೆಯಲ್ಲಿ ಸುತ್ತಿದಳು.

"ಎರಡು ದಿನಕ್ಕೆ ಹಳಸುತ್ತೆ, ತಿನ್ನಮ್ಮ."

"ಅಳಸ್ಲಿ ಬುಡು. ಏನು ತಂದೆ ಅವ್ವ ಅಂದ್ರೆ ರಾಗಿಹಿಟ್ಟು ಒಂದೇ ತೋರ್ಸಾಕಾಯ್ತದಾ?" ಅಂದು ಎಲೆಗೆ ನಾರು ಸುತ್ತಿ ಕಟ್ಟಿದಳು. "ರಂಗಪ್ಪ, ಸತ್ತೆ ಅಂತ ಸುಳ್ಳು ಏಳಿದ್ಕೆ ಸಿಟ್ಟಾಗವ್ನಾ ಅಂತೀನಿ. ಮಾರನೆ ದಿನವೇ ನೀನು ನಿಜ ಬರ್ದು ಆಕಿದ್ಯಲ್ಲ?"

ಈಗ ಹೇಳಿಬಿಡು, ಅಂತ ಒಳಗೆ ಒಂದು ಧ್ವನಿ ಅಂದಿತು. ಮಳೆ ಧೋ ಅಂತ ಸುರಿಯುತ್ತಿತ್ತು. "ಹಾಕಿದೆ ಕಣಮ್ಮ" ಅಂದೆ. ಥೂ ನನ್ನ ಬಾಯಿಗೆ.

ಕಡಲ ಊರು

ಘಾಟಿಯ ತಿರುವುಗಳಲ್ಲಿ ನಿಂಗಮ್ಮ ನಾಲ್ಕು ಸಲ ವಾಂತಿ ಮಾಡಿಕೊಂಡಳು. ಪಕ್ಕದ ಮಲೆಯಾಳಿ ಮುದುಕನೊಬ್ಬ ಏನೂ ಮಾತಾಡದೆ ಅವಳ ಕೈಗೆ ಒಂದು ನಿಂಬೆಹಣ್ಣು ಕೊಟ್ಟು, ಮೂಸಿ ನೋಡು ಅಂತ ಸನ್ನೆ ಮಾಡಿದ. ಕೆಳಗಿಳಿದಂತೆ ಸೆಕೆ ಏರಿತು. ನನ್ನ ಕೋಟು ಒದ್ದೆಯಾಗಿ ಮೈಗೆ ಅಂಟಿಕೊಂಡಿತು. ಆ ಸೀಮೆಯಲ್ಲಿ ಗಂಡಸರು ಮೇಲೆ ಏನೂ ತೊಡುವುದಿಲ್ಲ. ಸೊಂಟಕ್ಕೆ ಒಂದು ಬಿಳಿ ಪಂಚೆ, ಹೆಗಲಿಗೆ ಒಂದು ತುಂಡು, ಮುಗಿಯಿತು. ದರ್ಜಿಯಾದವನು ಅಲ್ಲಿ ಹುಟ್ಟಿದರೆ ಉಪವಾಸ ಸಾಯಬೇಕು.

ಇನ್ನೊಂದು ವಿಚಿತ್ರ ಅಂದರೆ ಅಲ್ಲಿ ಊರು ಅನ್ನುವುದೇ ಕಾಣುವುದಿಲ್ಲ. ನಮ್ಮಲ್ಲಿ ಮನೆಗೆ ಮನೆ ಅಂಟಿಕೊಂಡು, ಈ ಮನೆಯ ಒಗ್ಗರಣೆ ಆ ಮನೆಯ ಮೂಗಿಗೆ ಹತ್ತುತ್ತದೆ. ಅಲ್ಲಿ ಒಂದೊಂದು ಮನೆಗೂ ಒಂದೊಂದು ತೋಟ, ಒಂದೊಂದು ಬಾವಿ. "ಮನೆಗೊಂದು ಬಾವಿ ಇದ್ರೆ ಎಣ್ಣೆಂಗಸ್ರು ಎಲ್ಲಿ ಮಾತಾಡ್ತಾರಪ್ಪ?" ಅಂತ ನಿಂಗಮ್ಮ ನಿಜಕ್ಕೂ ಮರುಗಿದಳು.

ತೆಂಗಿನ ಮರಗಳು ಮುಗಿದ ಕಡೆ ಕಡಲು. ನಾವಿಬ್ಬರೂ ಅಲ್ಲಿಯವರೆಗೆ ನೋಡಿದ್ದ ದೊಡ್ಡ ನೀರು ಅಂದರೆ ಊರ ಕೆರೆ. ನಿಂಗಮ್ಮ ಬಹಳ ಹೊತ್ತು ನಿಂತು ನೋಡಿ, "ಇದಕ್ಕೆ ಏರಿ ಕಟ್ಟೋರು ಯಾರೂ ಇಲ್ವಾ?" ಅಂದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೆದರಿದ್ದಳು.

ಬಂಡೆಗಳ ದಿಬ್ಬದ ಮೇಲೆ ಗೋಪುರ ಇತ್ತು. ಸುಣ್ಣ ಬಳಿದದ್ದು, ಮಳೆಗಾಳಿಗೆ ಒಂದು ಕಡೆ ಪಾಚಿ ಹಿಡಿದದ್ದು. ಪಕ್ಕದಲ್ಲೊಂದು ಸಣ್ಣ ಮನೆ. ಬಾಗಿಲಲ್ಲಿ ಕೂತು ಗಾಜಿನ ಚಿಮಣಿ ಉಜ್ಜುತ್ತಿದ್ದ ನರೆತ ಮೀಸೆಯವನು ಐತಪ್ಪ. ಮಂಗಳೂರು ಕಡೆಯವನು, ದೀಪ ಹಚ್ಚುವ ಮೇಸ್ತ್ರಿ. ಅವನ ಬಾಯಲ್ಲಿ ಕನ್ನಡ ಕೇಳಿ ನನಗೆ ಜೀವ ಬಂತು.

"ನಂಜುಂಡ ಇಲ್ಲಿದ್ದಾನೆಯೇ? ಈಕೆ ಅವನ ತಾಯಿ."

ಐತಪ್ಪ ಚಿಮಣಿ ಕೆಳಗಿಟ್ಟ. ನಿಂಗಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಲ್ಲ ಮಾರಾಯ್ರೆ, ನೀವು ಸತ್ತದ್ದಕ್ಕೆ ಅವನ ತಲೆ ಬೋಳಿಸ್ಲಿಕ್ಕೆ ಜನ ಕರೆಸಿದವ ನಾನೇ!" ಅಂದ. ನಗುತ್ತಾನೆ ಅಂದುಕೊಂಡೆ. ನಗಲಿಲ್ಲ.

ನಂಜುಂಡ ದೋಣಿಯಲ್ಲಿ ಹೋಗಿದ್ದಾನೆ, ಸಂಜೆಗೆ ಬರುತ್ತಾನೆ ಎಂದು ಗೊತ್ತಾಯಿತು. ನಿಂಗಮ್ಮನಿಗೆ ಮೆಟ್ಟಿಲು ಹತ್ತಲಾಗದು. ಅವಳು ಕೆಳಗೆ ನೆರಳಿನಲ್ಲಿ ಕೂತಳು. ಐತಪ್ಪ ನನ್ನೊಬ್ಬನನ್ನು ಗೋಪುರದ ಮೇಲಕ್ಕೆ ಕರೆದುಕೊಂಡು ಹೋದ.

ಗೋಪುರದ ಮೇಲೆ

ಸುತ್ತು ಮೆಟ್ಟಿಲು, ಎಣ್ಣೆಯ ಜಿಡ್ಡು, ಕತ್ತಲೆ. ಮೇಲೆ ಹೋದರೆ ಆಳೆತ್ತರದ ಗಾಜಿನ ಬುಂಡೆ, ಅದರೊಳಗೆ ದೀಪ. ಐತಪ್ಪ ಅದನ್ನು ಹೆತ್ತ ಮಗುವಿನಂತೆ ಒರೆಸುತ್ತಾ ಅದರ ಚರಿತ್ರೆ ಹೇಳಿದ. ಅವನಿಗೆ ಕೇಳುವವರು ಸಿಕ್ಕಿದ್ದು ಬಹಳ ದಿನದ ಮೇಲೆ ಅಂತ ಕಾಣುತ್ತದೆ.

ಗೋಪುರ ಇಲ್ಲದ ಕಾಲದಲ್ಲಿ ಆ ಊರಿನ ಹೆಂಗಸರೇ ದೀಪವಾಗಿದ್ದರಂತೆ. ದೋಣಿಗಳು ಹೊತ್ತು ಮುಳುಗಿದರೂ ಬರದಿದ್ದರೆ ಮನೆಗೊಂದು ಒಣ ತೆಂಗಿನ ಸೋಗೆ ತಂದು ಕೆಳಗಿನ ಬಂಡೆಯ ಮೇಲೆ ಉರಿಸುತ್ತಿದ್ದರು. ಮೆಣಸು ಮಾರುವ ಸಾಹುಕಾರನೊಬ್ಬ ಬಂದು ಎತ್ತರದ ಕಂಬ ನೆಟ್ಟು ಲಾಂದ್ರ ತೂಗುಹಾಕಿದ. ಅದರ ಎಣ್ಣೆಯನ್ನು ಇಲಿಗಳು ಕುಡಿದವು. ಆಮೇಲೆ ಸರ್ಕಾರದವರು ಕೆಂಪು ಕಲ್ಲಿನ ಈ ಗೋಪುರ ಕಟ್ಟಿದರು. ಮೊದಲು ತೆಂಗಿನೆಣ್ಣೆಯ ಬತ್ತಿಗಳು, ಗಳಿಗೆಗೊಮ್ಮೆ ಕುಡಿ ಕತ್ತರಿಸಬೇಕು. ಆಮೇಲೆ ಸೀಮೆಎಣ್ಣೆ, ಈ ಗಾಜು. ಐತಪ್ಪನ ಸೋದರಮಾವ ಇಲ್ಲೇ ದೀಪ ಹಚ್ಚಿದವನು. ಐತಪ್ಪನೂ ಹಚ್ಚಿದ.

"ಬಿರುಗಾಳಿಗೆ ಗಾಜು ಒಡೆದ ದಿನವೂ ಆರಲಿಲ್ಲ. ನನ್ನ ಮದುವೆಯ ದಿನ ಮಾವ ಹಚ್ಚಿದ್ರು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಂಜೆ, ಒಂದೂವರೆ ಗಂಟೆ ಈ ದೀಪ ಇರ್ಲಿಲ್ಲ. ಅದು ನಿಮ್ಮ ನಂಜುಂಡನ ಸಂಜೆ."

ನಾನು ಕಂಬಿ ಹಿಡಿದುಕೊಂಡೆ.

ನಂಜುಂಡ ಈ ದೀಪವನ್ನು ದೇವರ ದೀಪ ಅಂತಲೇ ನಡೆಸಿಕೊಂಡಿದ್ದನಂತೆ. ಸ್ನಾನ ಮಾಡದೆ ಮುಟ್ಟುತ್ತಿರಲಿಲ್ಲ. ಕಂಚಿನ ಬುಡಕ್ಕೆ ಕುಂಕುಮ ಇಡುತ್ತಿದ್ದ. ಐತಪ್ಪ ಬೈದು ಒರೆಸುತ್ತಿದ್ದ, ಅವನು ಮತ್ತೆ ಇಡುತ್ತಿದ್ದ. ಮೂಲೆ ಹರಿದ ಕಾರ್ಡು ಬಂದ ದಿನ ತಲೆ ಬೋಳಿಸಿಕೊಂಡು, ಕಡಲಲ್ಲಿ ಮುಳುಗಿ ಬಂದು, 'ನಂಗೆ ಸೂತಕ, ಅನ್ನೊಂದು ದಿನ ದೀಪ ಮುಟ್ಟಂಗಿಲ್ಲ' ಅಂದ. ಐತಪ್ಪ ಆಯಿತೆಂದು ತಾನೇ ಹಚ್ಚಿದ. ಐದನೆಯ ದಿನ ಐತಪ್ಪನಿಗೆ ಚಳಿಜ್ವರ ಬಂತು. ಎದ್ದು ನಿಲ್ಲಲಾಗದೆ, 'ಇವತ್ತೊಂದು ದಿನ ನೀನೇ ಹಚ್ಚು ಮಾರಾಯ' ಅಂದ. ಅವನು ಹೂಂ ಅಂದು ಬೆಂಕಿಪೊಟ್ಟಣ ತೆಗೆದುಕೊಂಡು ಹೋದ.

"ಅರ್ಧ ಮೆಟ್ಟಿಲು ಹತ್ತಿ ಕೂತುಬಿಟ್ಟಿದ್ದ. ನಾನು ಕೋಣೆಯ ಗೋಡೆ ಮೇಲೆ ಬೆಳಕು ಬೀಳ್ಲಿಲ್ಲ ಅಂತ ನೋಡಿ ತೆವಳಿಕೊಂಡು ಹತ್ತಿದ್ರೆ ಅಲ್ಲಿ ಕೂತು ಅಳ್ತಾ ಇದ್ದ. ಸೂತಕದ ಕೈಯಲ್ಲಿ ಹಚ್ಚಿದ್ರೆ ಗಂಗಮ್ಮ ಮುನಿದು ದೋಣಿ ನುಂಗ್ತಾಳೆ ಅಂತ! ದೋಣಿ ಉಳಿಸ್ಲಿಕ್ಕೆ ಅಂತಲೇ ಹಚ್ಚದೆ ಕೂತ ಅವ. ಎಂತ ಹೇಳುದು? ನಾನು ಹಚ್ಚುವಾಗ ಗಾಳಿ ಎದ್ದಾಗಿತ್ತು. ಒಂದು ದೋಣಿ ಈ ಬಂಡೆಗೇ ಬಡಿಯಿತು. ಮೂರು ಜನ."

ಮೂವರಲ್ಲಿ ಇಬ್ಬರ ಹೆಣ ದಡಕ್ಕೆ ಬಂತು. ಮೂರನೆಯವನು ಚೀರು ಅನ್ನುವ ವಿಧವೆಯ ಒಬ್ಬನೇ ಮಗ. ಅವನ ಹೆಣ ಸಿಗಲಿಲ್ಲ.

"ಮರುದಿನ ಬೆಳಿಗ್ಗೆ ಟಪಾಲಿನವ ಬಂದು ಇನ್ನೊಂದು ಕಾರ್ಡು ಕೊಟ್ಟ. ಹಳದಿ ಹಚ್ಚಿದ್ದು. ತಾಯಿ ಜೀವಂತ ಇದ್ದಾರೆ ಅಂತ. ಒಂದು ದಿನ ಮೊದ್ಲು ಬಂದಿದ್ರೆ ಸಾಕಿತ್ತು, ಅಲ್ವಾ? ಒಂದೇ ಒಂದು ದಿನ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು, "ಮಳೆಗಾಲ, ಟಪಾಲು ತಡ ಆಗಿರುತ್ತೆ" ಅಂದೆ. ಅವನು ಏನನ್ನೂ ಕೇಳಿರಲಿಲ್ಲ. ಕೆಳಗೆ ನೋಡಿದರೆ ನಿಂಗಮ್ಮ ನೆರಳಿನಲ್ಲಿ ಕೂತು ಮಗನಿಗೆಂದು ತಂದಿದ್ದ ರೊಟ್ಟಿಯ ಎಲೆ ಬಿಚ್ಚಿ ಮೂಸಿ ನೋಡುತ್ತಿದ್ದಳು. ನನಗೆ ಅಲ್ಲಿಂದಲೇ ಹಾರಿಬಿಡೋಣ ಅನ್ನಿಸಿತು. ಹಾರುವ ಗಂಡು ನಾನಲ್ಲ. ಮೆಟ್ಟಿಲು ಇಳಿದು ಬಂದೆ.

ಬಂಡೆಯ ಮೇಲೆ

ಹೊತ್ತು ಮುಳುಗುವ ಮೊದಲು ದೋಣಿಗಳು ಬಂದವು. ಕಪ್ಪಾಗಿ, ಒಣಗಿ, ಅಲ್ಲಿಯವರಂತೆಯೇ ತುಂಡು ಪಂಚೆ ಉಟ್ಟ ಒಬ್ಬನು ನಮ್ಮ ಹತ್ತಿರ ಬಂದು ನಿಂತ. ನಾನು ಗುರುತು ಹಿಡಿಯಲಿಲ್ಲ. ನಿಂಗಮ್ಮ ಎದ್ದು ಅವನ ತಲೆ ತಡವಿ, ಕಿವಿ ತಡವಿ, "ಕೂದ್ಲು ಬಂದದೆ ಕಣ ಮಗ, ಬಂದದೆ" ಅಂದಳು. ಎರಡು ವರ್ಷದಿಂದ ಅವಳ ಕಣ್ಣಿನಲ್ಲಿ ಅವನು ಬೋಳುತಲೆಯಲ್ಲೇ ನಿಂತಿದ್ದ ಅಂತ ಕಾಣುತ್ತದೆ. ನಂಜುಂಡ ಅವಳ ಕಾಲ ಬಳಿ ಕುಕ್ಕರಿಸಿ ಎಳೆಯ ಮಗುವಿನ ಹಾಗೆ ಅತ್ತ.

ಆಗ ಬಿಳಿ ಬಟ್ಟೆಯ ಸಣಕಲು ಮುದುಕಿಯೊಬ್ಬಳು ಒಣ ಸೋಗೆ ಎಳೆದುಕೊಂಡು ಬಂದಳು. ಅವಳೇ ಚೀರು. ನಂಜುಂಡ ಕಣ್ಣೊರೆಸಿಕೊಂಡು ಎದ್ದು ಸೋಗೆ ಇಸಿದುಕೊಂಡು, ಬಂಡೆಯ ಮೇಲೆ ಸಣ್ಣ ಬೆಂಕಿ ಮಾಡಿದ. ಮೇಲೆ ಗೋಪುರದಲ್ಲಿ ಐತಪ್ಪನ ದೀಪ ಹತ್ತಿತು. ಅಷ್ಟು ದೊಡ್ಡ ದೀಪದ ಬುಡದಲ್ಲಿ ಈ ಸೋಗೆಯ ಬೆಂಕಿ ಯಾರಿಗೂ ಬೇಕಾಗಿರಲಿಲ್ಲ. ಚೀರುಗೆ ಬೇಕಾಗಿತ್ತು. ಅವಳ ಮಗ ಇನ್ನೂ ಕಡಲಿನಲ್ಲಿದ್ದ. ಹೆಣ ಬರದವನು ಸತ್ತಿಲ್ಲ ಅಂತ ಅವಳ ಲೆಕ್ಕ. ಗೋಪುರದ ದೀಪವನ್ನು ಅವಳು ನಂಬುತ್ತಿರಲಿಲ್ಲ.

"ಯಾರ್ಗೆ ಕಾಯ್ತಾವ್ಳೆ?" ಅಂತ ನಿಂಗಮ್ಮ ಕೇಳಿದಳು.

ನಂಜುಂಡ ಬೆಂಕಿ ನೋಡುತ್ತಲೇ ಎಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಮೆಟ್ಟಿಲ ಮೇಲೆ ಕೂತದ್ದು, ಕೈಯಲ್ಲಿ ಬೆಂಕಿಪೊಟ್ಟಣ ಇದ್ದದ್ದು, ಬಂಡೆಯ ಕಡೆಯಿಂದ ಕೂಗು ಕೇಳಿದ್ದು. ಈಗ ಚೀರುವಿನ ಮಗನ ಜಾಗದಲ್ಲಿ ದೋಣಿಗೆ ಹುಟ್ಟು ಹಾಕುತ್ತಿರುವುದು ತಾನೇ, ಅವಳ ಮನೆಗೆ ಮೀನು ತರುವುದು ತಾನೇ ಅಂದ. "ಬರೆಯೋಕೆ ಕೈ ಬರ್ಲಿಲ್ಲ ಕಣವ್ವ. ಏನಂತ ಬರೀಲಿ?"

ನಿಂಗಮ್ಮ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಕರ್ಮವೇ, ಕಾಗೆ ನನ್ನನ್ನೇ ತಗೊಂಡು ಓಗಿದ್ರೆ ಆಗ್ತಿತ್ತಲ್ಲೋ! ಮಗ, ಎಲ್ಡನೇ ಕಾಗ್ದ ಮಾರನೆ ದಿನವೇ ಆಕ್ಸಿದ್ನಲ್ಲೋ. ಯಾಕ್ ತಡ ಆಯ್ತು?"

ನಂಜುಂಡ ತಲೆ ಎತ್ತಿ ನನ್ನನ್ನು ನೋಡಿದ. ಬೆಂಕಿಯ ಬೆಳಕಿನಲ್ಲಿ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು. ಅವನು ಮುದ್ರೆ ಓದಿದ್ದ. ಅದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

"ಮಳೆ ಕಣವ್ವ," ಅಂದ. "ಗಾಟಿ ಕುಸ್ದಿತ್ತಂತೆ."

ಅವನು ಕೊಟ್ಟ ಸುಳ್ಳನ್ನು ಹೊದ್ದುಕೊಂಡು ಕೂತೆ. ಚೀರು ನಿಂಗಮ್ಮನ ಕೈಗೂ ಒಂದು ಗರಿ ಕೊಟ್ಟು ಬೆಂಕಿ ತೋರಿಸಿದಳು. ನಿಂಗಮ್ಮ ಹಾಕಿದಳು.

ಚೀರುವಿನ ಮನೆ

ಎರಡು ದಿನ ಚೀರುವಿನ ಮನೆಯಲ್ಲೇ ಇದ್ದೆವು. ಒಬ್ಬಳಿಗೆ ಕನ್ನಡ ಬಿಟ್ಟರೆ ಬಾರದು, ಇನ್ನೊಬ್ಬಳಿಗೆ ಮಲೆಯಾಳ ಬಿಟ್ಟರೆ ಬಾರದು. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಮಾತಾಡಿದರು. ನಿಂಗಮ್ಮನಿಗೆ ತೆಂಗಿನೆಣ್ಣೆಯ ಅಡುಗೆ ಹಿಡಿಸಲಿಲ್ಲ. ಮೂಗು ಹಿಡಿದುಕೊಂಡು ಉಂಡಳು. ಅವಳು ರಾಗಿ ಮುದ್ದೆ ಮಾಡಿ ಬಡಿಸಿದರೆ, ಚೀರು ಅದನ್ನು ಅಗಿದು ಅಗಿದು ಹಲ್ಲಿಗೆಲ್ಲ ಅಂಟಿಸಿಕೊಂಡು ಪೇಚಾಡಿದಳು. "ನುಂಗ್ಬೇಕು ಕಣಮ್ಮಿ, ನುಂಗು!" ಅಂತ ನಿಂಗಮ್ಮ ಗಂಟಲು ತೋರಿಸಿ ನಕ್ಕಳು. ಆ ಪ್ರಯಾಣದಲ್ಲಿ ಅವಳು ಮನಸಾರೆ ನಕ್ಕಿದ್ದು ಆಗಲೇ.

ಹೊರಡುವ ಬೆಳಿಗ್ಗೆ ಮಗನನ್ನು ಕೇಳಿದಳು. "ಬತ್ತೀಯೇನ್ಲಾ?"

"ಚೀರಮ್ಮ ಸೋಗೆ ತರೋದು ನಿಲ್ಸಿದ ದಿವ್ಸ ಬತ್ತೀನಿ ಕಣವ್ವ. ಈಗ ಬಂದ್ರೆ ಅವ್ಳಿಗೆ ಬೆಂಕಿ ಆಕ್ಕೊಡೋರಿಲ್ಲ."

ಅವಳು ಬೈಯುತ್ತಾಳೆ, ಅಳುತ್ತಾಳೆ, ನೆಲಕ್ಕೆ ಬಿದ್ದು ಹೊರಳುತ್ತಾಳೆ ಅಂದುಕೊಂಡಿದ್ದೆ. "ಅಂಗೇ ಮಾಡಪ್ಪ" ಅಂದಳು. ಉಳಿದ ರಾಗಿಹಿಟ್ಟನ್ನು ಚೀರುವಿನ ಮಡಕೆಗೆ ಸುರಿದಳು. "ಆ ಅರಿಸಿನದ ಕಾಗ್ದ ಇದ್ರೆ ಕೊಡು ಮಗ. ನನ್ನ ಕೈ ಗುರ್ತು ಐತೆ ಅದ್ರಾಗೆ."

ನಂಜುಂಡ ಅನುಮಾನಿಸಿದ. ಮತ್ತೆ ನನ್ನ ಮುಖ ನೋಡಿದ. ಕೊನೆಗೆ ಸೂರಿನ ಗರಿಗಳ ನಡುವೆ ಸಿಕ್ಕಿಸಿದ್ದ ಕಾರ್ಡು ತೆಗೆದುಕೊಟ್ಟ. ಓದಲು ಬಾರದವಳು, ಕೊಟ್ಟರೇನು ಅಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡೆ.

ಮತ್ತೆ ಸೇತುವೆ

ಹಿಂದಿರುಗುವಾಗ ಅವಳಿಗೆ ವಾಂತಿಯಾಗಲಿಲ್ಲ, ಭಯವಾಗಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಕಾವೇರಿಯ ಸೇತುವೆಯ ಹತ್ತಿರ ಬಸ್ಸಿನ ಚಕ್ರ ಕೂತುಬಿಟ್ಟಿತು. ಎಲ್ಲರೂ ಇಳಿದೆವು. ನಿಂಗಮ್ಮ ಸೇತುವೆಯ ಗೋಡೆಗೆ ಒರಗಿ, ಎಲೆಅಡಿಕೆ ಚೀಲದಿಂದ ಕಾರ್ಡು ತೆಗೆದು ಮೂಗಿನ ಹತ್ತಿರ ಹಿಡಿದಳು. ಆಮೇಲೆ ನನ್ನ ಕಡೆ ಚಾಚಿದಳು.

ಅರಿಸಿನದ ಹೆಬ್ಬೆಟ್ಟಿನ ಪಕ್ಕದಲ್ಲಿ ದುಂಡಗೆ ಒಂದು ಜಿಡ್ಡಿನ ಗುರುತು. ನನ್ನ ಎಣ್ಣೆ ಕುಡಿಕೆಯ ಬುಡದ ಅಳತೆ.

"ಇದು ಮಿಸನ್ ಎಣ್ಣೆ ಕಣಪ್ಪ. ನೀನು ಒಲ್ದು ಕೊಟ್ಟ ರವಿಕೆ ಎಲ್ಲಾ ಇದೇ ವಾಸ್ನೆ. ಒಂದು ಗಳಿಗೆ ಇಟ್ರೆ ಇಷ್ಟು ಇಳಿಯಾಕಿಲ್ಲ." ಅವಳ ಧ್ವನಿ ಏರಲಿಲ್ಲ. "ಎಷ್ಟು ದಿವ್ಸ ಮಡಗಿದ್ದೆ?"

"ನಾಲ್ಕು."

ಹೇಳಿದ್ದೇ ತಡ ನನಗೆ ಅಳು ಬಂತು. ಮದುವೆ ಬಟ್ಟೆ, ಮರೆವು, ಕೆಲಸ ಅಂತ ಏನೇನೋ ಒದರಿದೆ. ನಿಂಗಮ್ಮ ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಕಾರ್ಡನ್ನು ನೀರಿಗೆ ಎಸೆಯುತ್ತಾಳೆ ಅಂದುಕೊಂಡೆ. ಅವಳು ಅದನ್ನು ಮಡಚದೆ ಹಾಗೇ ಚೀಲದೊಳಗೆ ಇಟ್ಟುಕೊಂಡಳು.

"ಸುಳ್ಳು ಏಳ್ಸಿದೋಳು ನಾನು. ತಡ ಮಾಡ್ದೋನು ನೀನು. ಕೈಲಿ ಕಡ್ಡಿ ಇಟ್ಕೊಂಡು ಗೀರ್ದೇ ಇದ್ದೋನು ನನ್ನ ಮಗ. ಚೀರಮ್ಮಂಗೆ ಇದ್ರಲ್ಲಿ ಯಾರ್ನ ಬೈಬೇಕು ಅಂತಾನೇ ಗೊತ್ತಿಲ್ಲ ಕಣಪ್ಪ" ಅಂದಳು. ಹುಣಸೂರು ಬರುವವರೆಗೆ ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಮತ್ತೆ ಹುಣಸೂರು

ಇನ್ನು ನನ್ನ ಜಗಲಿ ಹತ್ತುವುದಿಲ್ಲ ಅಂದುಕೊಂಡಿದ್ದೆ. ಹತ್ತಿದಳು. ತಿಂಗಳಿಗೊಮ್ಮೆ ಬಂದು ಕಾರ್ಡು ಬರೆಸುತ್ತಿದ್ದಳು. ಬರೆದು ಮುಗಿದ ಕೂಡಲೇ ನನ್ನ ಕೈಯಿಂದ ಕಿತ್ತುಕೊಂಡು ತಾನೇ ಟಪಾಲು ಡಬ್ಬಿಯವರೆಗೆ ನಡೆದು, ಒಳಗೆ ಬಿದ್ದ ಸದ್ದು ಕೇಳಿ ಮನೆಗೆ ಹೋಗುತ್ತಿದ್ದಳು. ನಂಜುಂಡನೂ ಬರೆಯುತ್ತಿದ್ದ. ಚೀರಮ್ಮ ಚೆನ್ನಾಗಿದ್ದಾಳೆ, ಸೋಗೆ ತರುತ್ತಿದ್ದಾಳೆ, ಮುದ್ದೆ ನುಂಗುವುದು ಕಲಿತಿದ್ದಾಳೆ.

ಹೋದ ತಿಂಗಳು ನಿಂಗಮ್ಮ ತೀರಿಕೊಂಡಳು. ಕಾಗೆ ಕುಕ್ಕಲಿಲ್ಲ, ಯಾವ ಸೂಚನೆಯೂ ಇರಲಿಲ್ಲ. ಮೂರು ದಿನ ಜ್ವರ, ಅಷ್ಟೆ. ಹಳ್ಳಿಯವರು ಬಂದು ನನ್ನನ್ನು ಕರೆದುಕೊಂಡು ಹೋದರು. ಬಾಯಿಗೆ ನೀರು ಬಿಟ್ಟವನು ನಾನು. ಮಣ್ಣು ಹಾಕಿದವನೂ ನಾನೇ. ಅದೇ ಸಂಜೆ ಕಾರ್ಡಿನ ಮೂಲೆ ಹರಿದು ಬರೆದೆ: 'ನಿನ್ನ ತಾಯಿ ತೀರಿಕೊಂಡಳು.' ಅವೇ ಅಕ್ಷರಗಳು, ಅದೇ ಸಾಲು. ಒಂದು ಗಳಿಗೆಯೂ ತಡಮಾಡದೆ ಡಬ್ಬಿಗೆ ಹಾಕಿದೆ.

ನಂಜುಂಡನ ಉತ್ತರ ಬಂದಿದೆ.

'ರಂಗಣ್ಣನವರಿಗೆ ನಮಸ್ಕಾರ. ನಿಮ್ಮ ಕಾಗದ ತಲುಪಿತು. ಕಾಗೆ ಮತ್ತೆ ಕುಕ್ಕಿತೆಂದು ತಿಳಿದುಕೊಂಡೆ. ಅವ್ವನ ಮುಖ ನೆನೆಸಿಕೊಂಡು ಚೆನ್ನಾಗಿ ಅತ್ತಿದ್ದೇನೆ, ಚೀರಮ್ಮನೂ ಅತ್ತಳು, ಕಂಟಕ ಕಳೆದಿರುತ್ತದೆ. ಅರಿಸಿನದ ಕಾಗದಕ್ಕೆ ಕಾಯುತ್ತಿದ್ದೇನೆ. ಈ ಸಲ ತಡ ಮಾಡಬೇಡಿ.'

ಉತ್ತರ ಬರೆಯೋಣವೆಂದು ಖಾಲಿ ಕಾರ್ಡು ಮಿಷನ್ನಿನ ಮೇಲೆ ಇಟ್ಟುಕೊಂಡು ಕೂತಿದ್ದೇನೆ. ಅದನ್ನು ಬರೆಯುವುದು ಬಿಟ್ಟು ಇದನ್ನೆಲ್ಲ ಬರೆದೆ. ಇವತ್ತಿಗೆ ನಾಲ್ಕು ದಿನ ಆಯಿತು.